ಅರ್ಧ ಇಂಚಿನ ಉಪಕಾರ

ನಾನು ಹೊಲಿದ ಬಟ್ಟೆ ಯಾರ ಮೈಮೇಲೂ ವಾರೆಯಾಗಿ ನಿಂತದ್ದಿಲ್ಲ ಎಂದು ಜಂಬ ಕೊಚ್ಚುತ್ತಿದ್ದ ದರ್ಜಿ ನಾನು. ಮಧ್ಯಾಹ್ನದ ಬಿಸಿಲು ಅಂಗಡಿಯ ನೆಲದ ಮೇಲೆ ಮೆಲ್ಲಗೆ ಸರಿಯುವಾಗ, ಮಷೀನಿನ ಸದ್ದಿಗೆ ಕಣ್ಣು ಎಳೆಯುತ್ತಿದ್ದರೂ, ಬಟ್ಟೆ ತಾನಾಗಿಯೇ ಸೂಜಿಯ ಕೆಳಗೆ ಸಾಗುತ್ತಿತ್ತು.

ಎರಡು ವರ್ಷದ ಹಿಂದೆ ಅಂಥದೇ ಹೊತ್ತಿನಲ್ಲಿ, ಹತ್ತು ವರ್ಷದ ನನ್ನ ಮಗಳು ಗುಂಡುಸೂಜಿ ಹೊಸ ಫ್ರಾಕು ತೊಟ್ಟು ಕನ್ನಡಿಯ ಮುಂದೆ ನಿಂತಳು. ಸಣಕಲಿ, ಮಾತು ಚೂಪು. ಅದಕ್ಕೇ ಆ ಹೆಸರು. ಅಂಚು ಎಡಕ್ಕೆ ಇಳಿದಿತ್ತು. ಕತ್ತರಿ ತಪ್ಪಿತೆಂದುಕೊಂಡು ಅರ್ಧ ಇಂಚು ಎತ್ತಿ ಹೊಲಿದೆ. ಮುಂದಿನ ವರ್ಷ ಮುಕ್ಕಾಲು. ಎಡಭುಜದೊಳಗೆ ತೆಳ್ಳಗೆ ಹತ್ತಿ ಇಟ್ಟೆ. ಕನ್ನಡಿಯೊಳಗೆ ಅವಳು ನೆಟ್ಟಗಿದ್ದಳು. ನಾನು ಬೀಗಿದೆ.

ಈ ವರ್ಷ ಶಾಲೆಗೆ ಬಂದ ನರ್ಸಮ್ಮ ಮಕ್ಕಳನ್ನು ಒಳಅಂಗಿಯಲ್ಲಿ ನಿಲ್ಲಿಸಿ, ಕೈ ಜೋಡಿಸಿ ಮುಂದಕ್ಕೆ ಬಾಗಿಸಿದರು. ಗುಂಡುಸೂಜಿಯ ಬೆನ್ನಿನ ಬಲಪಕ್ಕ ಎತ್ತರವಾಗಿತ್ತು. ಆಸ್ಪತ್ರೆಗೆ ತೋರಿಸಿ ಎಂದು ಮನೆಗೆ ಚೀಟಿ ಬಂತು.

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದರು. ಮಂಜಿನೊಳಗಿನ ಕಾಲುದಾರಿಯ ಹಾಗೆ ಬೆನ್ನುಮೂಳೆ ಮೆಲ್ಲಗೆ ಬಳುಕಿತ್ತು. ನೋಡಲು ಚೆಂದವಿತ್ತು, ಅದೇ ನನ್ನನ್ನು ಹೆದರಿಸಿತು.

"ಶಾಲೆ ಚೀಲದ ಭಾರಕ್ಕಾ, ಡಾಕ್ಟರೇ?"

"ಅಲ್ಲ. ಬೆಳೆಯೋ ವಯಸ್ಸಲ್ಲಿ ಎಷ್ಟೋ ಮಕ್ಕಳಿಗೆ ಯಾಕೆ ಹೀಗಾಗತ್ತೆ ಅಂತ ನಮಗೂ ಗೊತ್ತಿಲ್ಲ. ಬೆಳವಣಿಗೆ ಮುಗಿಯೋವರೆಗೂ ಬೆನ್ನಿಗೆ ಗಟ್ಟಿ ಬೆಲ್ಟು ಹಾಕ್ಬೇಕು. ನೆಟ್ಟಗಾಗತ್ತೆ ಅನ್ನಲ್ಲ, ಇನ್ನೂ ಬಾಗದ ಹಾಗೆ ತಡೀಬಹುದು. ತುಂಬಾ ಬಾಗಿದ್ರೆ ಆಪರೇಷನ್." ಆಮೇಲೆ ಕೇಳಿದರು, "ಬಟ್ಟೆ ವಾರೆ ಆಗಿದ್ದು ಕಾಣ್ಲಿಲ್ವಾ? ಮನೆಯವರಿಗೆ ಮೊದಲು ಕಾಣೋದೇ ಅದು."

ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಕಂಡದ್ದನ್ನು ಎರಡು ವರ್ಷ ಅಳಿಸಿದವನೇ ನಾನು.

ಬೆಲ್ಟು ಬಂದ ದಿನ, ಅದರ ಮೇಲೆ ತೊಡಲು ಸಡಿಲ ಫ್ರಾಕಿಗೆ ಬಟ್ಟೆ ಹರಡಿದೆ. ಕೈ ಅಭ್ಯಾಸಬಲದಿಂದ ಎಡಕ್ಕೆ ಮುಕ್ಕಾಲು ಇಂಚು ಗುರುತು ಹಾಕಿತು. ಗುಂಡುಸೂಜಿ ಸೀಮೆಸುಣ್ಣ ಕಿತ್ತುಕೊಂಡಳು.

"ಅಪ್ಪಾ, ಎರಡೂ ಕಡೆ ಒಂದೇ ಅಳತೆ ಇಡು."

"ವಾರೆ ಕಾಣತ್ತಲ್ಲೇ."

"ಕಾಣ್ಲಿ ಬಿಡು. ಬೆನ್ನು ಬಾಗೋದು ಜಾಸ್ತಿ ಆದ್ರೆ ಅದೂ ಕಾಣತ್ತಲ್ಲ."

ತಡೆಯಲಾರದೆ ಅತ್ತುಬಿಟ್ಟೆ.

"ಬಟ್ಟೆ ಒದ್ದೆ ಮಾಡ್ಬೇಡ, ಗುರುತು ಹೋಗತ್ತೆ," ಎಂದಳು.

ಆಸ್ಪತ್ರೆಯ ತಪಾಸಣೆ ಅದರ ಪಾಡಿಗೆ ನಡೆದಿದೆ. ಅದರ ನಡುವೆ ತಿಂಗಳಿಗೊಮ್ಮೆ ಅವಳು ಬೆಲ್ಟು ಬಿಚ್ಚಿ, ಒಂದೇ ಅಳತೆಗೆ ಹೊಲಿದ ಅದೇ ಫ್ರಾಕು ತೊಟ್ಟು ಬಿಸಿಲಿನಲ್ಲಿ ನಿಲ್ಲುತ್ತಾಳೆ. ನಾನು ಮಂಡಿಯೂರಿ ನೆಲದಿಂದ ಅಂಚಿನವರೆಗೆ ಟೇಪು ಹಿಡಿಯುತ್ತೇನೆ. ಎಡಕ್ಕೆ ಮುಕ್ಕಾಲು ಇಂಚು ಇಳಿದಿದೆ. ಹೋದ ತಿಂಗಳೂ ಅಷ್ಟೇ ಇತ್ತು. ಈ ತಿಂಗಳೂ ಅಷ್ಟೇ ಇದೆ. ನಾನು ಸೂಜಿ ಮುಟ್ಟುವುದಿಲ್ಲ.