ಅಳತೆಗೆ ನಿಂತವಳು

"ಕೈ ಎತ್ತು. ಕಂಕುಳು ವಾಸನೆ ಹೊಡೀತಿದ್ರೆ ಈಗ್ಲೇ ಆಚೆ ನಡಿ," ಅಂದಳು ಯಜಮಾನಿ.

ಹೊಲಿಗೆಯವಳು ಕೈ ಎತ್ತಿದಳು. ಯಜಮಾನಿ ತಾನು ಹತ್ತಿರ ಬರಲಿಲ್ಲ. ಅಡುಗೆಯವಳನ್ನು ಕರೆದು ಮೂಸಿ ನೋಡಲು ಹೇಳಿದಳು. ಅಡುಗೆಯವಳು ತಲೆ ತಗ್ಗಿಸಿಕೊಂಡು ಬಂದು, ಮೂಸಿದಂತೆ ಮಾಡಿ, "ಸೋಪಿನ ವಾಸನೆ ಅಮ್ಮಾವ್ರೆ," ಅಂದಳು.

ಬೆಳಗಿನಿಂದ ಆ ಮನೆಯ ವರಾಂಡದಲ್ಲಿ ದರ್ಜಿಗಳ ಸಾಲು. ಮಗಳ ಮದುವೆಯ ಗೌನು ಹೊಲಿಯಲು ಯಜಮಾನಿ ಒಬ್ಬರನ್ನು ಆರಿಸುತ್ತಿದ್ದಳು. ಪೇಟೆಯ ಹಳೇ ದರ್ಜಿಯೊಬ್ಬ ಕೆಮ್ಮಿದ ಅನ್ನುವುದಕ್ಕೇ ಅವನು ತಂದ ಮಾದರಿ ಬಟ್ಟೆಯನ್ನು ಚಪ್ಪಲಿ ಕಾಲಲ್ಲಿ ಆಚೆ ತಳ್ಳಿದ್ದಳು. ಇನ್ನೊಬ್ಬಳ ಮುಂಗೈಯಲ್ಲಿ ತೊನ್ನಿನ ಕಲೆ ಇತ್ತು. ಅವಳನ್ನು ಗೇಟಿನಿಂದಲೇ ಓಡಿಸಿದ್ದರು. ಈ ಹೊಲಿಗೆಯವಳು ಬರದೆ ಇರುವ ಹಾಗೆಯೇ ಇರಲಿಲ್ಲ. ಅವಳು ಬಾಡಿಗೆಗಿದ್ದ ಸಾಲುಮನೆ ಯಜಮಾನಿಯದು. ಯಜಮಾನಿಯ ಬಾಯಿಂದ ಒಂದು ಮಾತು ಬಿದ್ದರೆ ಸಂಜೆಯೊಳಗೆ ಪಾತ್ರೆ ಪಗಡೆ ಬೀದಿಗೆ ಬೀಳುತ್ತಿತ್ತು.

ತಾನು ಹೊಲಿದ ತೋಳು, ಕೊರಳಪಟ್ಟಿ ತೋರಿಸಲೆಂದು ಅವಳು ಗಂಟಿಗೆ ಕೈ ಹಾಕಿದಳು. ಯಜಮಾನಿಯ ಕಣ್ಣು ಆ ಕಡೆ ಬರಲೇ ಇಲ್ಲ. ಗಂಟು ಹೊತ್ತು ನಿಂತಿದ್ದ ಹೊಲಿಗೆಯವಳ ಮಗಳನ್ನು ಅಡಿಯಿಂದ ಮುಡಿಯವರೆಗೆ ನೋಡುತ್ತಿದ್ದಳು.

"ಇದ್ಯಾವ್ದೇ?"

"ಮಗಳು ಅಮ್ಮಾವ್ರೆ. ನನ್ ಜೊತೆ ಕಾಜಾ ಹಾಕ್ತಾಳೆ, ಗುಂಡಿ ಹೊಲೀತಾಳೆ."

"ಗಂಟು ಇಳಿಸಿ ತಿರುಗೇ. ಇನ್ನೊಂದ್ ಸುತ್ತು. ನಮ್ ಮಗು ಮೈಕಟ್ಟೇ ಇದೆಯಲ್ಲ ಇದಕ್ಕೆ. ಸೊಂಟಾನೂ ಅಷ್ಟೇ. ತಿನ್ನೋಕ್ ಗತಿಯಿಲ್ದೆ ಬಂದಿರೋ ಸೊಂಟ, ಇರ್ಲಿ."

ಮದುಮಗಳು ಸೋಫಾದ ಮೇಲೆ ಕಾಲು ಚಾಚಿಕೊಂಡು ಉಗುರಿಗೆ ಬಣ್ಣ ಹಚ್ಚುತ್ತಿದ್ದಳು. ತಲೆ ಎತ್ತದೆ, "ಗಂಟೆಗಟ್ಲೆ ನಿಲ್ಲೋಕೆ ನನ್ ಕೈಲಾಗಲ್ಲ ಮಮ್ಮಿ. ಇವಳ್ನೇ ನಿಲ್ಸು," ಅಂದಳು.

ಹಾಗೆ ಹೊಲಿಗೆಯವಳು ಆಯ್ಕೆಯಾದಳು. ಗಂಟನ್ನು ಕೊನೆಗೂ ಯಾರೂ ಬಿಚ್ಚಿಸಲಿಲ್ಲ.

ಹೊಲಿಗೆಯವಳ ಮಗಳನ್ನು ಮೊದಲ ಸಲ ಅಳತೆಗೆ ನಿಲ್ಲಿಸಿದ ದಿನ ಯಜಮಾನಿ ಪಕ್ಕದಲ್ಲೇ ಕುರ್ಚಿ ಹಾಕಿಸಿಕೊಂಡಳು.

"ಸೊಂಟ ಇನ್ನೂ ಬಿಗಿ ಮಾಡು."

"ಇನ್ನೂ ಹಿಡಿದ್ರೆ ಉಸಿರು ಕಟ್ಟುತ್ತೆ ಅಮ್ಮಾವ್ರೆ."

"ಗೊಂಬೆಗೆ ಎಲ್ಲಿಯ ಉಸಿರೇ?" ಎನ್ನುತ್ತ ಯಜಮಾನಿ ತಾನೇ ಎದ್ದು ಗುಂಡುಸೂಜಿ ಚುಚ್ಚಿದಳು. ಅದು ಬಟ್ಟೆ ದಾಟಿ ಪಕ್ಕೆಗೆ ಇಳಿಯಿತು. ಮಗಳು ತುಟಿ ಕಚ್ಚಿಕೊಂಡಳು. ಬಿಳಿ ರೇಷ್ಮೆಯ ಮೇಲೆ ಸಾಸಿವೆಯಷ್ಟು ರಕ್ತ ಮೂಡಿದ ಮೇಲೆ ಮಾತ್ರ ಯಜಮಾನಿಗೆ ಸಿಟ್ಟು ನೆತ್ತಿಗೇರಿತು. ಹುಡುಗಿಯ ಕೆನ್ನೆಗೆ ಬಾರಿಸಿದಳು. ತಾಯಿ ಲಗುಬಗೆಯಿಂದ ಬೆರಳಿಗೆ ಎಂಜಲು ಮಾಡಿಕೊಂಡು ರೇಷ್ಮೆಯ ಕಲೆ ತಿಕ್ಕತೊಡಗಿದಳು.

ಮನೆಗೆ ಹೋಗುವಾಗ ದಾರಿಯಲ್ಲಿ ಮಗಳು ಕೇಳಿದಳು: "ಅವಳು ನಂಗೆ ಹೊಡೆದ್ರೆ ನೀನು ಬಟ್ಟೆ ಒರೆಸ್ತೀಯಲ್ಲಮ್ಮ?"

"ಬಟ್ಟೆ ಕೆಟ್ರೆ ಮನೆ ಹೋಗುತ್ತೆ. ಕೆನ್ನೆ ನಾಳೆಗೆ ಸರಿಹೋಗುತ್ತೆ," ಅಂದಳು ತಾಯಿ.

ಗೌನು ಕಚ್ಚಾ ಹೊಲಿಗೆಯಲ್ಲಿ ನಿಂತಾಗ ಅದನ್ನು ನೋಡಲು ಬೀಗಿತ್ತಿ ಬರುವುದೆಂದಾಯಿತು. ಯಜಮಾನಿ ಹೊಲಿಗೆಯವಳ ಮಗಳನ್ನು ಹಜಾರದ ನಡುವೆ ಮೇಜು ಹತ್ತಿಸಿ ಗೌನು ತೊಡಿಸಿದಳು. ನೆರಿಗೆಗಳನ್ನು ಒಂದೊಂದಾಗಿ ಮೇಜಿನ ಅಂಚಿಗೆ ಹರಡಿಸಿದಳು. ಬೆಳಗ್ಗೆ ಬರುತ್ತೇವೆಂದ ಬೀಗಿತ್ತಿ ಮಧ್ಯಾಹ್ನವಾದರೂ ಬರಲಿಲ್ಲ.

"ಅಮ್ಮ, ಒಂದಕ್ಕೆ ಹೋಗ್ಬೇಕು," ಅಂದಳು ಮಗಳು, ತಾಯಿಗಷ್ಟೇ ಕೇಳುವಂತೆ.

ತಾಯಿ ಕೈ ಮುಗಿದುಕೊಂಡು ಯಜಮಾನಿಯ ಮುಂದೆ ಹೋದಳು. "ಹುಡುಗಿ ಒಂದ್ ಗಳಿಗೆ ಇಳೀಲಾ ಅಮ್ಮಾವ್ರೆ? ಆಮೇಲೆ ನಾನೇ ನೆರಿಗೆ ಕೂರಿಸ್ತೀನಿ."

"ಅವ್ರು ತಿರುವಿನ ಹತ್ರ ಬಂದಿದಾರೆ. ಅಲ್ಲಾಡಿದ್ರೆ ನೋಡು."

ತಿರುವಿನಿಂದ ಮನೆಗೆ ಬರಲು ಅವರಿಗೆ ಬಹಳ ಹೊತ್ತು ಹಿಡಿಯಿತು. ಬೀಗಿತ್ತಿ ತನ್ನ ಓರಗಿತ್ತಿಯೊಡನೆ ಬಂದವಳು ಸೋಫಾದಲ್ಲಿ ಕೂತು ಚಹಾ ಕುಡಿದಳು, ಬಿಸಿಲನ್ನು ಬೈದಳು, ಮತ್ತೊಂದು ಚಹಾ ಕೇಳಿದಳು. ಆಮೇಲೆ ಎದ್ದು ಬಂದು ಗೌನಿನ ಅಂಚನ್ನು ಎಳೆದು ನೋಡಿ, ಸೊಂಟದ ಬಳಿ ಬಟ್ಟೆಯೊಡನೆ ಮಾಂಸವನ್ನೂ ಚಿವುಟಿದಳು.

"ಬಟ್ಟೆ ಪರವಾಗಿಲ್ಲ. ಈ ಕರೀ ಮೈ ಮೇಲೆ ಎದ್ದು ಕಾಣ್ತಿಲ್ಲ."

"ಅದು ಬರೀ ಗೊಂಬೆ ಬಿಡಿ," ಎಂದು ಯಜಮಾನಿ ನಕ್ಕಳು.

"ಅಮ್ಮಾವ್ರೆ," ಅಂದಳು ಮೇಜಿನ ಮೇಲಿದ್ದವಳು. ಈ ಸಲ ಎಲ್ಲರಿಗೂ ಕೇಳಿಸಿತು. "ನಾನು ಒಂದಕ್ಕೆ ಹೋಗ್ಬೇಕು. ತಡೆಯೋಕೆ ಆಗ್ತಿಲ್ಲ."

ಓರಗಿತ್ತಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಕಿಸಕ್ಕೆಂದಳು. "ನಿಮ್ ಗೊಂಬೆಗೆ ಬಾಯೂ ಇದೆ, ಕೆಳಗಿಂದೂ ಇದೆ ಬಿಡಿ."

ಯಜಮಾನಿಯ ಮುಖ ಕೆಂಪಾಯಿತು. "ಎಲ್ಲಿಗೇ ಹೋಗ್ತೀಯ ಲೌಡಿ? ನನ್ ಮಗಳು ಕೂರೋ ಜಾಗದಲ್ಲಿ ನೀನು ಕೂರ್ತೀಯಾ? ಬಿಗಿ ಹಿಡ್ಕೊಂಡು ನಿಂತ್ಕೊ. ಇವ್ರು ಹೋದ್ಮೇಲೆ ಮನೇಗೆ ಹೋಗಿ ಎಷ್ಟಾದ್ರೂ ಹೊಯ್ಕೊ."

"ತಡ್ಕೊಳೇ," ಅಂದಳು ತಾಯಿ ಕೆಳಗಿನಿಂದ. "ಇನ್ ಸ್ವಲ್ಪ ಹೊತ್ತು."

ಮಗಳು ತಾಯಿಯನ್ನು ನೋಡಿದಳು. ಆಮೇಲೆ ಯಜಮಾನಿಯ ಕಣ್ಣಲ್ಲಿ ಕಣ್ಣಿಟ್ಟು, ಅಷ್ಟು ಹೊತ್ತಿನಿಂದ ಒತ್ತಿ ಹಿಡಿದಿದ್ದ ಮೊಣಕಾಲುಗಳನ್ನು ಸಡಿಲ ಬಿಟ್ಟಳು.

ಮೊದಲು ಯಾರಿಗೂ ತಿಳಿಯಲಿಲ್ಲ. ಪದರಗಳ ಒಳಗೆ ಸಣ್ಣಗೆ ಸದ್ದಾಯಿತು. ಬಳಿಕ ರೇಷ್ಮೆ ಒಳಗಿನಿಂದ ಬಣ್ಣ ಬದಲಿಸುತ್ತ ಬಂತು. ಹಳದಿ ಒದ್ದೆ ನೆರಿಗೆಯಿಂದ ನೆರಿಗೆಗೆ ಹಬ್ಬಿ, ಮೇಜಿನ ಅಂಚಿನಿಂದ ರತ್ನಗಂಬಳಿಯ ಮೇಲೆ ತೊಟ್ಟಿಕ್ಕಿತು.

"ಹಲ್ಕಾ ಮುಂಡೆ," ಅಂದಳು ಯಜಮಾನಿ. ಮೇಜಿನ ಬಳಿ ಹೋಗಲು ಹೆಜ್ಜೆ ಎತ್ತಿದವಳು ಒದ್ದೆ ಕಂಡು ಹಿಂದೆ ಸರಿದು ಹೊಲಿಗೆಯವಳ ಕಡೆ ತಿರುಗಿದಳು. "ಹೊಡಿಯೇ ಅವಳಿಗೆ. ನಿನ್ ಕೈಯಾರೆ ಹೊಡೆದು ಇಳಿಸು. ಇಲ್ದಿದ್ರೆ ಸಂಜೆ ನಿನ್ ಬಾಗಿಲಿಗೆ ಬೀಗ ಬೀಳುತ್ತೆ."

ಹೊಲಿಗೆಯವಳ ಕೈ ಮೇಲೆದ್ದಿತು. ಅದು ಅರ್ಧದಲ್ಲೇ ನಿಂತಿತು. ಅವಳು ಮೇಜಿನ ಹತ್ತಿರ ಹೋಗಿ ಆ ಕೈಯನ್ನು ಮಗಳ ಒದ್ದೆ ಪಾದದ ಮೇಲೆ ಇಟ್ಟಳು. ಪಾದ ಬಿಸಿಯಾಗಿತ್ತು.

"ಆಯ್ತೇನೇ?" ಎಂದು ಕೇಳಿದಳು.

"ಇನ್ನೂ ಇದೆ."

"ಮುಗಿಸ್ಕೊ ಹಾಗಾದ್ರೆ. ಏನೂ ಅವಸರ ಇಲ್ಲ."

ಬೀಗಿತ್ತಿಯೂ ಓರಗಿತ್ತಿಯೂ ಸೋಫಾದ ಮೇಲೆ ಕಾಲು ಮೇಲೆಳೆದುಕೊಂಡು ಕೂತರು. ಕೆಳಗೆ ಗಂಬಳಿಯ ಹೂಬಳ್ಳಿಯ ಮೇಲೆ ಒದ್ದೆ ಅವರತ್ತ ನಿಧಾನವಾಗಿ ಹರಡುತ್ತಿತ್ತು.