ಮೂರನೆಯ ತಿರಸ್ಕಾರ

ಆಸ್ಪತ್ರೆಯ ದುರಸ್ತಿ ವಿಭಾಗದ ಮುಖ್ಯಸ್ಥರು ಬೆಳಗಿನ ಕಾಫಿ ಆರುವುದರೊಳಗೆ ಹದಿನೇಳು ಪ್ರಸ್ತಾವಗಳನ್ನು ವಿಲೇವಾರಿ ಮಾಡಿ ಮುಗಿಸಿದ್ದರು. ವಿಲೇವಾರಿ ಎಂಬುದು ಅವರದೇ ಮಾತು. ಓದುವುದಕ್ಕೂ ಅದಕ್ಕೂ ಯಾವ ನಂಟೂ ಇರಲಿಲ್ಲ.

ಆ ಆಸ್ಪತ್ರೆಯಲ್ಲಿ ನಲ್ಲಿ ಸೋರಲಿ, ಬಾಗಿಲ ಚಿಲಕ ಕಳಚಲಿ, ಆಯಾ ವಾರ್ಡಿನವರು ಕಂಪ್ಯೂಟರಿನಲ್ಲಿ ದುರಸ್ತಿಯ ಕೋರಿಕೆ ದಾಖಲಿಸಬೇಕು. ಪಟ್ಟಿಯಲ್ಲಿರುವ ಕಂಟ್ರಾಕ್ಟರುಗಳು ಬಂದು ಸ್ಥಳ ನೋಡಿ, ಏನು ಕೆಟ್ಟಿದೆ, ಹೇಗೆ ಸರಿಪಡಿಸುತ್ತೇವೆ, ಎಷ್ಟು ದಿನ ಬೇಕು ಎಂದು ಪ್ರಸ್ತಾವ ಬರೆದು ಕಳಿಸಬೇಕು. ಪ್ರತಿ ಪ್ರಸ್ತಾವದ ಕೆಳಗೂ ಒಪ್ಪಲು ಒಂದು ಹಸಿರು ಗುಂಡಿ, ತಿರಸ್ಕರಿಸಲು ಒಂದು ಕೆಂಪು ಗುಂಡಿ, ನಡುವೆ ‘ತಿದ್ದಿ ಕಳಿಸಿ’ ಎಂಬ ಬೂದು ಗುಂಡಿ. ಬೂದು ಗುಂಡಿಯನ್ನು ಮುಖ್ಯಸ್ಥರು ಒಮ್ಮೆಯೂ ಒತ್ತಿದವರಲ್ಲ. ತಿದ್ದಿ ಎನ್ನಬೇಕಾದರೆ ಏನನ್ನು ಎಂದು ಹೇಳಬೇಕು, ಹೇಳಬೇಕಾದರೆ ಓದಬೇಕು. ಕೆಂಪು ಗುಂಡಿಗೆ ಅಂಥ ತಾಪತ್ರಯವಿಲ್ಲ. ಒತ್ತಿದೊಡನೆ ಕಾರಣಗಳ ಪಟ್ಟಿಯೊಂದು ಬಿಚ್ಚಿಕೊಳ್ಳುತ್ತದೆ; ಅದರ ಕಟ್ಟಕಡೆಯಲ್ಲಿ ‘ಇತರೆ’ ಎಂದಿರುತ್ತದೆ. ಕಚೇರಿಯವರು ಬೆನ್ನ ಹಿಂದೆ ಅವರನ್ನು ‘ಇತರೆ ಸಾಹೇಬರು’ ಎಂದೇ ಕರೆಯುತ್ತಿದ್ದರು.

ಪ್ರಸ್ತಾವದ ಯೋಗ್ಯತೆಯನ್ನು ಅಳೆಯಲು ಅವರಲ್ಲಿ ಸ್ವಂತದ್ದೊಂದು ವಿದ್ಯೆಯಿತ್ತು. ಮೇಲೆ ಬಣ್ಣದ ಲಾಂಛನವಿದೆಯೇ, ಅಂಚುಗಳು ನೇರವಾಗಿವೆಯೇ ಎಂದು ನೋಡಿದರೆ ಮುಗಿಯಿತು. ಗ್ರೀಸು ಮೆತ್ತಿದ ಕೈಗಳು ಬರೆದದ್ದು ಅವರ ಕಣ್ಣಿಗೆ ಕಾಲಕಸ. ತಮ್ಮ ಮನೆಯ ಬಲ್ಬು ಹೋದರೆ ಹೆಂಡತಿ ಸ್ಟೂಲು ಹತ್ತುವವರೆಗೆ ಕತ್ತಲಲ್ಲಿ ಕೂತಿರುತ್ತಿದ್ದ ಈ ಮಹಾನುಭಾವರು, ಊರಿನ ಕೆಲಸಗಾರರೆಲ್ಲರ ಯೋಗ್ಯತೆಯನ್ನು ಇಪ್ಪತ್ತೆರಡು ವರ್ಷಗಳಿಂದ ಹೀಗೆ ನಿರ್ಧರಿಸುತ್ತ ಬಂದಿದ್ದರು.

ಹದಿನೆಂಟನೆಯ ಪ್ರಸ್ತಾವ ಕಂಡದ್ದೇ ಅವರು ಮೂಗು ಮುರಿದರು.

“ನೋಡಮ್ಮ, ಮತ್ತೆ ಬಂದ್ಲು ನಿಮ್ಮ ವೈರಿಂಗ್ ಅಕ್ಕ,” ಎಂದರು ಎದುರು ಮೇಜಿನ ಗುಮಾಸ್ತೆಗೆ. “ನಾಲ್ಕನೇ ಮಹಡಿ, ಹೆಂಗಸರ ವಾರ್ಡು, ಕರೆಗಂಟೆ. ಎರಡು ಸಲ ಒದ್ದು ಕಳಿಸಿದ್ರೂ ಬುದ್ಧಿ ಬಂದಿಲ್ಲ. ಫೋಟೋ ನೋಡು, ಅಡ್ಡಡ್ಡ! ತಿರುಗಿಸಿ ಹಾಕೋಕೂ ಬರಲ್ಲ. ಇವಳು ವೈರು ಜೋಡಿಸ್ತಾಳಂತೆ.”

ಗುಮಾಸ್ತೆ ತಲೆಯೆತ್ತಿದಳು. “ಸಾರ್, ಒಂದೇ ಕೆಲಸಕ್ಕೆ ಮೂರನೇ ಸಲ ತಿರಸ್ಕಾರ ಆದ್ರೆ ಪಟ್ಟಿಯಿಂದ ಹೆಸರು ತಾನಾಗೇ ಹೋಗ್ಬಿಡುತ್ತೆ.”

“ಹೋಗ್ಲಿ. ಪೀಡೆ ತೊಲಗುತ್ತೆ.”

“ಹನ್ನೊಂದು ವರ್ಷದಿಂದ ಮಾಡ್ತಿದ್ದಾರೆ ಸಾರ್. ಊರಿನ ಆಸ್ಪತ್ರೆಗಳಿಗೆಲ್ಲ ಇದೊಂದೇ ಪಟ್ಟಿ. ಇಲ್ಲಿ ಹೆಸರು ಹೋದ್ರೆ ಬೇರೆ ಕಡೆ ಯಾರೂ ಒಳಗೆ ಬಿಡಲ್ಲ.”

“ಅದಕ್ಕೆ ನಾನೇನು ಮಾಡ್ಲಿ? ಹೊಲಿಗೆ ಹಾಕ್ಲಿ, ಬುಟ್ಟಿ ಹೆಣೀಲಿ. ಇದೇನು ಧರ್ಮಛತ್ರವಾ?”

ಅದೇ ಕೆಲಸಕ್ಕೆ ಒಂದು ದೊಡ್ಡ ಕಂಪನಿಯ ಪ್ರಸ್ತಾವವೂ ಬಂದಿತ್ತು. ಇಡೀ ವಾರ್ಡಿನ ಗಂಟೆಗಳನ್ನು ಕಿತ್ತು ಹೊಸದು ಕೂರಿಸುವುದು, ಅವಧಿ ಆರು ವಾರ. ಅಂಚು ನೇರ, ಲಾಂಛನ ನೀಲಿ, ಕೊನೆಯಲ್ಲಿ ನಗುತ್ತಿರುವ ಯಾರೋ ದಾದಿಯ ಚಿತ್ರ. ಒಂದನ್ನು ಒಪ್ಪಿದರೆ ಉಳಿದವು ತಾವಾಗಿಯೇ ತಿರಸ್ಕೃತವಾಗುತ್ತವೆ. ಮುಖ್ಯಸ್ಥರು ಹಸಿರು ಗುಂಡಿ ಒತ್ತಿದರು. ಕಂಪ್ಯೂಟರು ಒಪ್ಪಲಿಲ್ಲ. ಪೂರ್ತಿ ಬದಲಾವಣೆಯಾದರೆ ವಾರ್ಡಿನ ಸಿಸ್ಟರ್ ಅವರ ಒಪ್ಪಿಗೆ ಬೇಕು ಎಂದಿತು. ‘ಸ್ಥಳ ಪರಿಶೀಲಿಸಲಾಗಿದೆ’ ಎಂಬ ಚೌಕದಲ್ಲಿ ಅವರು ಎಂದಿನಂತೆ ಕುರ್ಚಿಯಲ್ಲೇ ಕೂತು ಗುರುತು ಹಾಕಿ, ಫೋನು ಕೈಗೆತ್ತಿಕೊಂಡರು.

“ಸಿಸ್ಟರ್, ಒಂದು ಒಪ್ಪಿಗೆ ಬಾಕಿ ಇದೆ. ಒತ್ತಿಬಿಡಿ.”

“ಸ್ಥಳ ನೋಡಿದೀರಿ ಅಂತ ಬಂದಿದೆಯಲ್ಲ ಸಾರ್,” ಎಂದಿತು ಆ ಕಡೆಯ ದನಿ. “ಯಾವಾಗ ಬಂದಿದ್ರಿ? ನಾವು ಯಾರೂ ನಿಮ್ಮ ದರ್ಶನ ಪಡೀಲೇ ಇಲ್ಲ.”

“ಅದೊಂದು ಪದ್ಧತಿ ಅಷ್ಟೆ.”

“ನಮ್ಮಲ್ಲಿ ಜ್ವರ ನೋಡದೆ ಜ್ವರ ಬರೆದ್ರೆ ಕೆಲಸದಿಂದ ತೆಗೀತಾರೆ. ನಾಲ್ಕು ವಾರದಿಂದ ಗಂಟೆ ಸತ್ತು ಬಿದ್ದಿದೆ, ಇನ್ನೂ ಆರು ವಾರ ಅಂತೀರಿ. ಮೇಲೆ ಬಂದು ಕಣ್ಣಾರೆ ನೋಡಿ. ಆಮೇಲೆ ಒತ್ತೋದೋ ಬಿಡೋದೋ ಹೇಳ್ತೀನಿ.” ಫೋನು ಕುಕ್ಕಿದ ಸದ್ದಾಯಿತು.

ಸಿಸ್ಟರ್ ಒಬ್ಬಳ ಸೊಕ್ಕು ಇಷ್ಟಾಯಿತೇ ಎಂದು ಗೊಣಗುತ್ತ ಮುಖ್ಯಸ್ಥರು ನಾಲ್ಕನೆಯ ಮಹಡಿಗೆ ಹೋದರು.

ವಾರ್ಡಿನ ಬಾಗಿಲಲ್ಲೇ ಸ್ಟೀಲ್ ಲೋಟಕ್ಕೆ ಚಮಚ ಬಡಿಯುವ ಸದ್ದು ಕೇಳಿತು. ಒಂದು ಮೂಲೆಯಲ್ಲಿ ನಿಂತರೆ ಇನ್ನೊಂದು ಮೂಲೆಯಲ್ಲಿ ಶುರುವಾಗುತ್ತಿತ್ತು. ಇಬ್ಬರು ದಾದಿಯರು ಸದ್ದು ಎಲ್ಲಿಂದ ಬಂತೆಂದು ಕತ್ತು ತಿರುಗಿಸುತ್ತ ಓಡಾಡುತ್ತಿದ್ದರು. ಸಿಸ್ಟರ್ ಒಬ್ಬ ರೋಗಿಗೆ ಸೂಜಿ ಚುಚ್ಚುತ್ತಿದ್ದವರು, ಮುಖ್ಯಸ್ಥರನ್ನು ನೋಡಿಯೂ ಎದ್ದು ಬರಲಿಲ್ಲ. “ಐದನೇ ಮಂಚದ ಹತ್ರ ಕೂತಿರಿ. ಕೈ ಖಾಲಿಯಾದ್ಮೇಲೆ ಬರ್ತೀನಿ,” ಎಂದರು. ಎರಡು ತಾಸು ಕಾಯುವವರಿಗೆ ಹೇಳುವ ಧಾಟಿ ಅದು.

ಐದನೆಯ ಮಂಚದಲ್ಲಿ ಸೊಂಟದ ಮೂಳೆ ಮುರಿದ ಅಜ್ಜಿಯೊಬ್ಬರು ದಿಂಬಿಗೆ ಒರಗಿದ್ದರು. ಮೂವತ್ತು ವರ್ಷ ಟೆಲಿಫೋನ್ ಕಚೇರಿಯಲ್ಲಿ ಆಪರೇಟರ್ ಆಗಿದ್ದವರು.

“ನೀವೇನಾ ಗಂಟೆ ರಿಪೇರಿಯವರು?”

“ರಿಪೇರಿ ಮಾಡುವವನಲ್ಲ, ನಿರ್ಧರಿಸುವವನು,” ಎಂದರು ಮುಖ್ಯಸ್ಥರು ಬಿಗಿದುಕೊಂಡು.

“ಓ, ದೊಡ್ಡವರು. ನಮ್ಮ ಕಾಲದಲ್ಲಿ ಗಂಟೆ ಮೂರು ಸಲ ಹೊಡೆಯೋದ್ರೊಳಗೆ ಎತ್ತದಿದ್ರೆ ಮೇಲ್ವಿಚಾರಕಿ ಬಂದು ತಲೆ ಮೇಲೆ ನಿಲ್ತಿದ್ಲು. ಇಲ್ಲಿ ನಿನ್ನೆ ನಾನು ಲೋಟ ಬಡಿದೂ ಬಡಿದೂ ಕೊನೆಗೆ ಹಾಸಿಗೆಯಲ್ಲೇ ಆಗೋಯ್ತು. ಈ ವಯಸ್ಸಿಗೆ, ಅಷ್ಟು ಜನರೆದುರು. ಒತ್ತಿ ನೋಡಪ್ಪ, ಆ ಗುಂಡಿ ಒತ್ತಿ ನೋಡು.”

ಮುಖ್ಯಸ್ಥರು ಒತ್ತಿದರು. ಏನೂ ಆಗಲಿಲ್ಲ. ಯಾರೂ ತಿರುಗಿ ನೋಡಲಿಲ್ಲ. ತಮ್ಮ ಬೆರಳು ಒತ್ತಿದ ಗುಂಡಿಗೆ ಲೋಕ ಕವಡೆಯ ಕಿಮ್ಮತ್ತೂ ಕೊಡದಿರುವುದು ಅವರಿಗೆ ಹೊಸ ಅನುಭವ. ಇನ್ನೊಮ್ಮೆ ಒತ್ತಿದರು.

“ಒತ್ತುತ್ತಿರು,” ಎಂದು ಅಜ್ಜಿ ನಕ್ಕರು. “ನಾನು ನಾಲ್ಕು ದಿನ ಒತ್ತಿದೆ.”

ಮುಜುಗರದಿಂದ ಮುಖ್ಯಸ್ಥರು ತಲೆಯೆತ್ತಿ ಛಾವಣಿ ನೋಡಿದರು. ಮೂಲೆಯಲ್ಲಿ, ಗೋಡೆಗೆ ಕೂರಿಸಿದ ಒಂದು ಸಣ್ಣ ಪೆಟ್ಟಿಗೆಯ ಮೇಲೆ ಕಂದು ಬಣ್ಣದ ಕಲೆ ಇಳಿದಿತ್ತು. ಒಂದು ಕಿವಿಯ ಆಕಾರ. ಅದನ್ನು ಎಲ್ಲೋ ಕಂಡಿದ್ದೇನೆ ಎನ್ನಿಸಿತು. ಫೋನು ತೆಗೆದು ವೈರಿಂಗ್ ಅಕ್ಕನ ಪ್ರಸ್ತಾವ ತೆರೆದರು. ಅಡ್ಡ ಬಿದ್ದಿದ್ದ ಫೋಟೋಗೆ ತಕ್ಕಂತೆ ಕತ್ತು ವಾಲಿಸಿದರು. ಅದೇ ಕಿವಿ.

“ಏನದು?”

“ಒಬ್ಬಳು ಬರೆದು ಕಳಿಸಿದ್ದಾಳೆ, ಈ ಗಂಟೆ ವಿಷಯ.”

“ಆ ಹೆಣ್ಣುಮಗಳಾ? ಎರಡು ಸಲ ಬಂದಿದ್ಲು. ಕುರ್ಚಿ ಮೇಲೆ ಹತ್ತಿ, ಪೆಟ್ಟಿಗೆಗೆ ಮೂಗು ಹಚ್ಚಿ ನೋಡಿದ್ಲು. ಓದಿ, ನಾನೂ ಕೇಳ್ತೀನಿ. ಗಟ್ಟಿಯಾಗಿ.”

ಬೇರೆ ದಾರಿಯಿರಲಿಲ್ಲ. ಮುಖ್ಯಸ್ಥರು ಓದತೊಡಗಿದರು.

“‘ಗಂಟೆಗಳು ಕೆಟ್ಟಿಲ್ಲ. ಗಂಟೆಗಳು ಒಳ್ಳೆಯವು, ಈಗ ಇಂಥವು ಸಿಗುವುದಿಲ್ಲ, ದಯವಿಟ್ಟು ಕೀಳಿಸಬೇಡಿ. ಎಲ್ಲ ಮಂಚಗಳ ವೈರುಗಳು ಮೂಲೆಯ ಪೆಟ್ಟಿಗೆಯಲ್ಲಿ ಸೇರುತ್ತವೆ. ಮೇಲಿನ ಏಸಿಯ ನೀರಿನ ಕೊಳವೆ ಸರಿಯಾಗಿ ಪೆಟ್ಟಿಗೆಯ ಮೇಲೆ ಹಾದು ಹೋಗಿದೆ. ಹನಿ ಹನಿ ಇಳಿದು ಒಳಗೆ ಹಸಿರು ಕಿಲುಬು ಕಟ್ಟಿದೆ.’”

“ಅಷ್ಟೇ ತಾನೆ! ನಮ್ಮ ಟೆಲಿಫೋನ್ ಬೋರ್ಡಿಗೂ ಒಂದ್ಸಲ ಹೀಗೇ ಆಗಿತ್ತು. ಮುಂದೆ?”

“‘ಮೊದಲು ಕೊಳವೆ ಸರಿಸಿ. ಸರಿಸದೆ ನನ್ನನ್ನು ಕರೆಯಬೇಡಿ, ಹೊಸ ಗಂಟೆ ಹಾಕಿದರೂ ಮೂರು ತಿಂಗಳಲ್ಲಿ ಮತ್ತೆ ಸಾಯುತ್ತದೆ. ಆಮೇಲೆ ನನಗೆ ಒಂದು ದಿನ ಸಾಕು. ಹಗಲು ಬರುತ್ತೇನೆ. ರೋಗಿಗಳು ಮಲಗಿರುವಾಗ ಡ್ರಿಲ್ ಹಾಕುವುದಿಲ್ಲ.’”

ಇಲ್ಲಿಗೆ ಅವರ ದನಿ ತಗ್ಗಿತು. ಇನ್ನೊಂದು ಸಾಲು ಉಳಿದಿತ್ತು.

“ಯಾಕೆ ನಿಲ್ಲಿಸಿದ್ರಿ?”

“‘ಹಿಂದಿನ ಎರಡು ಸಲವೂ ಇದನ್ನೇ ಬರೆದಿದ್ದೆ. ಏನು ತಪ್ಪಿದೆ ಎಂದು ತಾವು ಹೇಳಲಿಲ್ಲ. ಹೇಳಿದ್ದರೆ ತಿದ್ದಿಕೊಳ್ಳುತ್ತಿದ್ದೆ.’”

ಅಜ್ಜಿ ಅವರನ್ನೇ ನೋಡಿದರು. “ಏನು ತಪ್ಪಿತ್ತು?”

ಮುಖ್ಯಸ್ಥರ ಇಪ್ಪತ್ತೆರಡು ವರ್ಷಗಳ ಅನುಭವವೆಲ್ಲ ಬಂದು ನಾಲಗೆಯ ತುದಿಯಲ್ಲಿ ನಿಂತಿತು. ಅಂಚು ನೇರವಿರಲಿಲ್ಲ ಎನ್ನಬಹುದಿತ್ತು, ಲಾಂಛನವಿರಲಿಲ್ಲ ಎನ್ನಬಹುದಿತ್ತು. ಲೋಟ ಬಡಿದೂ ಬಡಿದೂ ಸೋತ ಆ ಒಣಗಿದ ಕೈಯ ಎದುರು ಯಾವುದನ್ನೂ ಹೇಳಲಾಗಲಿಲ್ಲ.

“ತಪ್ಪು ಇರಲಿಲ್ಲ,” ಎಂದರು.

“ಹಾಗಾದ್ರೆ ನೀನು ಏನನ್ನಪ್ಪ ನಿರ್ಧರಿಸಿದ್ದು?”

ಮುಖ್ಯಸ್ಥರು ಆ ಪ್ರಸ್ತಾವವನ್ನು ಮೊದಲಿನಿಂದ ಇನ್ನೊಮ್ಮೆ ಓದಿದರು. ಸಿಸ್ಟರ್ ಬಂದು, “ಒತ್ತಬೇಕಾ ಸಾರ್, ನಿಮ್ಮ ಒಪ್ಪಿಗೆ?” ಎಂದು ಕೇಳಿದಾಗ, ಬೇಡವೆಂದು ತಲೆಯಾಡಿಸಿ ಮೆಟ್ಟಿಲಿಳಿದು ಬಂದರು.

ಕಚೇರಿಯಲ್ಲಿ ಮೊದಲು ಕುರ್ಚಿಯಿಂದ ಹಾಕಿದ್ದ ಸ್ಥಳ ಪರಿಶೀಲನೆಯ ಗುರುತನ್ನು ಅಳಿಸಿದರು. ಕೊಳವೆ ಸರಿಸುವಂತೆ ಅಂದೇ ಏಸಿಯವರಿಗೆ ಹೇಳಿದರು. ವೈರಿಂಗ್ ಅಕ್ಕನ ಪ್ರಸ್ತಾವಕ್ಕೆ ಹಸಿರು ಗುಂಡಿ ಒತ್ತಿದರು. ಅಷ್ಟಕ್ಕೇ ಕೈತೊಳೆದುಕೊಳ್ಳಬಹುದಿತ್ತು. ಆದರೆ ಹಿಂದಿನ ಎರಡು ತಿರಸ್ಕಾರಗಳು ಆಕೆಯ ಹೆಸರಿನ ಎದುರು ಹಾಗೇ ಕೂತಿದ್ದವು. ಈ ಕೆಲಸ ಮುಗಿದರೂ ಊರಿನ ಪ್ರತಿ ಆಸ್ಪತ್ರೆಗೂ ಅವು ಕಾಣುತ್ತಿದ್ದವು. ಹಿಂಪಡೆಯಬೇಕಾದರೆ ಅಧಿಕಾರಿ ತನ್ನ ಹೆಸರಿನಲ್ಲಿ ಕಾರಣ ಬರೆಯಬೇಕು. ಇಲ್ಲಿ ಆರಿಸಿಕೊಳ್ಳಲು ಸಿದ್ಧ ಪಟ್ಟಿಯಿಲ್ಲ, ಬರೀ ಖಾಲಿ ಚೌಕ.

ಮುಖ್ಯಸ್ಥರು ಎರಡು ಬೆರಳಿನಿಂದ ಬರೆದರು: ಎರಡು ಸಲವೂ ಓದದೆ ತಿರಸ್ಕರಿಸಿದ್ದೆ.

ಗುಮಾಸ್ತೆಯ ಪರದೆಯ ಮೇಲೂ ಅದು ಮೂಡಿತು. ಆಕೆ ಕನ್ನಡಕ ಸರಿಪಡಿಸಿಕೊಂಡಳು. “ಸಾರ್, ಇದು ಪಟ್ಟಿಯಲ್ಲಿರೋರಿಗೆಲ್ಲ ಕಾಣುತ್ತೆ. ಮೇಲಿನವರಿಗೂ.”

“ಕಾಣ್ಲಿ.”

“‘ತಾಂತ್ರಿಕ ದೋಷ’ ಅಂತ ಹಾಕ್ಬಹುದಿತ್ತು.”

“ಯಾವ ಯಂತ್ರದ್ದಮ್ಮ?” ಎಂದರು ಮುಖ್ಯಸ್ಥರು. ಗುಮಾಸ್ತೆಗೆ ನಗಬೇಕೋ ಬೇಡವೋ ತಿಳಿಯಲಿಲ್ಲ.

ಕೊಳವೆ ಸರಿದ ಮೂರನೆಯ ಬೆಳಿಗ್ಗೆ ಐವತ್ತು ದಾಟಿದ ಹೆಂಗಸೊಬ್ಬರು ಹೆಗಲ ಮೇಲೆ ಏಣಿ ಹೊತ್ತು ಕಚೇರಿಯ ಬಾಗಿಲಲ್ಲಿ ನಿಂತರು.

“ಏಣಿ ಹಿಡಿಯೋಕೆ ಒಬ್ಬರು ಬೇಕು. ಅಲ್ಲಿ ನೆಲ ಜಾರುತ್ತೆ.”

ಗುಮಾಸ್ತೆ ಯಾರನ್ನಾದರೂ ಕರೆಯಲು ಫೋನಿಗೆ ಕೈಹಾಕುವಷ್ಟರಲ್ಲಿ ಮುಖ್ಯಸ್ಥರು ಎದ್ದರು. ವೈರಿಂಗ್ ಅಕ್ಕ ಅವರ ಮಿರುಗುವ ಬೂಟುಗಳಿಂದ ಹಿಡಿದು ಇಸ್ತ್ರಿ ಮಾಡಿದ ಕಾಲರಿನವರೆಗೆ ನಿಧಾನವಾಗಿ ಕಣ್ಣಾಡಿಸಿದರು.

“ನೀವಾ?”

“ಹೂಂ.”

“ನೀವು ಬರೆದ ಕಾರಣ ನೋಡಿದೆ. ಎರಡೆರಡು ಸಲ ಓದಿದೆ, ಹಾಗೇ ಬರೆದಿದೀರೋ ಇಲ್ವೋ ಅಂತ.” ಮುಖದಲ್ಲಿ ಕೃತಜ್ಞತೆಯ ಸುಳಿವೂ ಇರಲಿಲ್ಲ, ಇರಬೇಕಾದ ಕಾರಣವೂ ಇರಲಿಲ್ಲ. “ಬನ್ನಿ. ಹಿಡಿದ್ರೆ ಕೊನೇ ತನಕ ಬಿಡಬಾರದು.”

ವಾರ್ಡಿನ ಮೂಲೆಯಲ್ಲಿ ಮುಖ್ಯಸ್ಥರು ಏಣಿಯ ಎರಡೂ ಕಾಲುಗಳನ್ನು ತಬ್ಬಿ ನಿಂತರು. ಮೇಲಿನಿಂದ ತುಕ್ಕಿನ ಪುಡಿ ಉದುರಿ ಬಿಳಿಯ ತೋಳಿನ ಮೇಲೆ ಬಿತ್ತು. ವೈರಿಂಗ್ ಅಕ್ಕ ಹಸಿರುಗಟ್ಟಿದ ತಂತಿಯೊಂದನ್ನು ಕತ್ತರಿಸಿ ಕೆಳಗೆ ಚಾಚಿ, ಇದು ಎಲ್ಲಿಂದ ಬರುತ್ತದೆ, ಎಲ್ಲಿ ಸೇರಬೇಕು, ಯಾಕೆ ಸತ್ತಿತು ಎಂದು ಒಂದೇ ಉಸಿರಿನಲ್ಲಿ ಹೇಳಿದರು.

“ಗೊತ್ತಾಯ್ತಾ?”

ಗೊತ್ತಾಯಿತು ಎಂಬ ಮಾತು ಹಳೆಯ ಚಾಳಿಯಂತೆ ಮುಖ್ಯಸ್ಥರ ತುಟಿಯವರೆಗೆ ಬಂತು. ಅವರು ಅದನ್ನು ನುಂಗಿಕೊಂಡರು.

“ಇಲ್ಲ. ಇನ್ನೊಂದು ಸಲ ಹೇಳಿ.”

ಏಣಿಯ ಮೇಲೆ ವೈರಿಂಗ್ ಅಕ್ಕ ಲೊಚಗುಟ್ಟಿದರು. ಆಮೇಲೆ ತಂತಿಯನ್ನು ಅವರ ಕಣ್ಣಿಗೆ ಇನ್ನಷ್ಟು ಹತ್ತಿರ ಇಳಿಸಿ, ಮೊದಲಿನಿಂದ ಶುರುಮಾಡಿದರು.