ಕಾಲುವೆ ದಾಟಿದ ಚಗಳಿ ಗೂಡು

ಹೊಸವರ್ಷದ ಟೆಟ್ ಹಬ್ಬಕ್ಕೆ ಇನ್ನೆರಡು ತಿಂಗಳಿರುವಾಗ ಹೌ ನದಿಯ ಸೀಮೆಯ ಮುದುಕ ಚಿನ್‌ನ ತೋಟದಲ್ಲಿ ಕಿತ್ತಳೆಕಾಯಿ ಉದುರತೊಡಗಿದವು. ಹಸಿರು ತಿಗಣೆಗಳು ಸೂಜಿಯಂತೆ ಚುಚ್ಚಿ ರಸ ಹೀರುತ್ತಿದ್ದವು. ಅವನ್ನು ಹಿಡಿದು ತಿನ್ನುವ ಚಗಳಿ ಇರುವೆ ಅವನಲ್ಲಿ ಒಂದೂ ಉಳಿದಿರಲಿಲ್ಲ. ಹೋದ ವರ್ಷ ತಾನೇ ಔಷಧಿ ಹೊಡೆದು ಕೊಂದಿದ್ದ. ಗಾಳಿಗೆ ಹಾರಿದ ಔಷಧಿಯಿಂದ ಕಾಲುವೆಯಾಚೆಯ ತೋಟದ ಥೋಮ್ ಎಂಬ ಹೆಂಗಸಿನ ಇರುವೆಗೂಡುಗಳಲ್ಲೂ ಮೂರು ನಾಶವಾಗಿದ್ದವು. ಅಂದಿನಿಂದ ಇಬ್ಬರಿಗೂ ಮಾತಿಲ್ಲ.

ಹೋಗಿ ಅವಳಲ್ಲಿ ಇರುವೆ ಕೇಳಲು ಅವನಿಗೆ ಬಾಯಿ ಬರಲಿಲ್ಲ. ಒಂದು ಮಧ್ಯಾಹ್ನ, ಅವಳು ಜೋಲಿಯಲ್ಲಿ ನಿದ್ದೆಹೋದ ಹೊತ್ತು ನೋಡಿ, ಅವಳ ಮರದಿಂದ ತನ್ನ ಮರಕ್ಕೆ ಹಗ್ಗ ಕಟ್ಟಿದ. ತನ್ನ ಕಡೆಯ ತುದಿಗೆ ಮೀನಿನ ಕರುಳು ನೇತುಹಾಕಿದ. ಇರುವೆಗಳು ಸಾಲುಗಟ್ಟಿ ಬಂದವು. ಚಿನ್ ತೊಡೆ ತಟ್ಟಿಕೊಂಡ.

ನಾಲ್ಕು ದಿನ ಕರುಳು ಕಟ್ಟಿದ. ನಾಲ್ಕು ದಿನವೂ ಇರುವೆಗಳು ಅದನ್ನು ಹೊತ್ತು, ಅದೇ ಹಗ್ಗ ಹಿಡಿದು ತವರಿಗೆ ನಡೆದವು. ತಿಗಣೆಗಳು ಕೂತಲ್ಲೇ ಕೂತಿದ್ದವು.

ಐದನೆಯ ದಿನ ಆಚೆ ದಡದಿಂದ ಥೋಮ್ ಕೂಗಿದಳು: "ಚಿನ್ ಅಣ್ಣಾ, ಇವತ್ತೇನು ಊಟ ತಡ? ನಮ್ಮ ಇರುವೆ ಕಾಯ್ತಾ ಕೂತಿವೆ!"

ಕರುಳು ಹಿಡಿದ ಕೈ ಹಾಗೇ ನಿಂತಿತು. "ನೀನು... ನೋಡಿದ್ಯಾ?"

"ಮೊದಲ್ನೇ ದಿನಾನೇ. ಹೊಸಿಲಲ್ಲೇ ಬಡಿಸಿ ಕಳಿಸಿದ್ರೆ ಯಾವ ನೆಂಟ ಒಳಗೆ ಬಂದು ಗೇಯ್ತಾನೆ? ನಿಮಗೆ ಬೇಕಾಗಿರೋದು ರಾಣಿ ಇರೋ ಗೂಡು. ಬಾಯಿಬಿಟ್ಟು ಕೇಳಿ."

ಬೆನ್ನ ಹಿಂದೆ ಮತ್ತೊಂದು ಕಾಯಿ ಉದುರಿತು. "ಕೊಡೇ ತಂಗಿ," ಎಂದ ಚಿನ್. "ತಪ್ಪಾಯ್ತು."

"ಔಷಧಿ ಮುಟ್ಟಲ್ಲ ತಾನೆ?"

"ಆಣೆಗೂ ಮುಟ್ಟಲ್ಲ."

"ನಿಮ್ಮ ಆಣೆ ನನಗೆ ಗೊತ್ತು. ಆ ಔಷಧಿ ಹೊಡೆಯೋ ಪಂಪು ನನ್ನ ಮನೇಲಿರ್ಲಿ."

ಚಿನ್ ಪಂಪು ಬೆನ್ನಿಗೇರಿಸಿ ಎದೆಮಟ್ಟದ ನೀರಿಗಿಳಿದ. ಹಿಂದಿರುಗುವಾಗ ಅವನ ತಲೆಯ ಮೇಲೆ ಗೂಡಿದ್ದ ಕೊಂಬೆ. ಇರುವೆಗಳು ಕಿವಿಗೆ, ಕುತ್ತಿಗೆಗೆ, ಕಂಕುಳಿಗೆ ಇಳಿದವು.

"ಅಯ್ಯಯ್ಯಪ್ಪೋ!"

"ಹೊಡೀಬೇಡಿ! ಒಂದೊಂದೂ ನಿಮ್ಮ ತೋಟದ ಆಳು!" ಥೋಮ್ ನಕ್ಕು ನಕ್ಕು ಕಣ್ಣೊರೆಸಿಕೊಂಡಳು.

ಚಿನ್ ಹಲ್ಲು ಕಚ್ಚಿಕೊಂಡು ದಡ ಹತ್ತಿ ಕೊಂಬೆಯನ್ನು ಮರದ ನಡುವೆ ಬಿಗಿದ. ಮೈಯೆಲ್ಲ ಉರಿಯುತ್ತಿದ್ದರೂ ಅಲ್ಲಿಂದ ಕದಲಲಿಲ್ಲ. ಸ್ವಲ್ಪ ಹೊತ್ತಿಗೆ ಆರೇಳು ಇರುವೆಗಳು ದಪ್ಪ ತಿಗಣೆಯೊಂದನ್ನು ಕಾಲು ಹಿಡಿದು ಗೂಡಿಗೆ ಎಳೆದೊಯ್ದವು. ಅದನ್ನು ಕಣ್ಣಾರೆ ಕಂಡಮೇಲಷ್ಟೇ ಅಂಗಿ ಬಿಚ್ಚಿದ. ಕೊಡವಿದ್ದೂ ಮರದ ಬುಡದಲ್ಲೇ, ಒಂದು ಇರುವೆಯೂ ದಾರಿ ತಪ್ಪಬಾರದೆಂದು.